ಕೊಲ್ಲದ ಬಂದೂಕು

ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ತೇಲುವುದನ್ನು ಆ ಕಡೆಯ ಜನರೆಲ್ಲರೂ ನೋಡಿರುತ್ತಾರೆ. ಶ್ರೀನಿವಾಸಪುರದ ಮಾವಿನ ತೋಪುಗಳಿಂದ ಗಿಳಿಗಳ ಹಿಂಡು ಬಾಣದಂತೆ ಹಾರಿಹೋಗುವುದೂ, ಕೆರೆಯಂಗಳದಲ್ಲಿ ಬೆಳ್ಳಕ್ಕಿಗಳು ಸಾಲುಗಟ್ಟಿ ಏಳುವುದೂ ಅಪರೂಪದ ನೋಟಗಳೇನಲ್ಲ. ಮನೆಯ ಹಿತ್ತಿಲಲ್ಲಿ ಒಂದು ಹಿಡಿ ನವಣೆ ಚೆಲ್ಲಿದರೆ ಗುಬ್ಬಿಗಳು ಬರುತ್ತವೆ. ಸ್ವಲ್ಪ ಸದ್ದಾದರೂ ಸಾಕು, ಭುರ್ರನೆ ಹಾರಿಹೋಗುತ್ತವೆ. ಆದರೆ ಹಾಗೆ ಹಾರಿದಾಗ ಗುಬ್ಬಿಯ ರೆಕ್ಕೆ ಮೊದಲು ಯಾವ ಕಡೆಗೆ ಚಲಿಸಿತು, ಎಷ್ಟು ಸಲ ಬಡಿಯಿತು, ಬಡಿಯುವಾಗ ಅದರ ಆಕಾರ ಹೇಗೆ ಬದಲಾಯಿತು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ನಿತ್ಯವೂ ಕಣ್ಣೆದುರಿಗೆ ನಡೆಯುವ ಈ ಕ್ರಿಯೆಯನ್ನು ಕಣ್ಣು ನಿಜವಾಗಿ ಕಂಡೇ ಇಲ್ಲ.

ಇದು ಹೊಸ ಪ್ರಶ್ನೆಯಲ್ಲ. ಇಟಲಿಯ ಮಹಾ ಕಲಾವಿದ ಲಿಯೊನಾರ್ಡೊ ಡ ವಿಂಚಿ ಸುಮಾರು ಐದು ನೂರು ವರ್ಷಗಳ ಹಿಂದೆಯೇ ಹಕ್ಕಿಗಳ ಹಾರಾಟವನ್ನು ಕುರಿತು ಪುಟಗಟ್ಟಲೆ ಬರೆದು, ಚಿತ್ರಗಳನ್ನು ರಚಿಸಿದ್ದನು. ಅವನ ಅನಂತರವೂ ಅನೇಕ ಪಂಡಿತರು ತಮತಮಗೆ ತೋರಿದ ವಿವರಣೆಗಳನ್ನು ಕೊಟ್ಟರು. ಆದರೆ ಅವರೆಲ್ಲರೂ ನಂಬಬೇಕಾಗಿದ್ದುದು ತಮ್ಮ ಕಣ್ಣನ್ನೇ. ಹಾರುವ ಹಕ್ಕಿಯ ರೆಕ್ಕೆಯನ್ನು ನಡುಗಾಳಿಯಲ್ಲಿ ನಿಲ್ಲಿಸಿದಂತೆ ಚಿತ್ರದಲ್ಲಿ ಹಿಡಿದು, ಅದರ ಒಂದೊಂದು ನಿಲುವನ್ನೂ ಅಳೆದು ತೋರಿಸಿದ ಮೊದಲಿಗರಲ್ಲಿ ಅಗ್ರಗಣ್ಯನೆಂದರೆ ಫ್ರಾನ್ಸ್ ದೇಶದ ವಿಜ್ಞಾನಿ ಎತ್ಯೆನ್ ಜೂಲ್ ಮರೇ. ಅವನ ಜೀವನವು ಒಂದೇ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಂಬಾಲಿಸಿದ ಮನುಷ್ಯನ ಕಥೆಯಾಗಿದೆ.

ಮರೇ 1830ನೆಯ ಇಸವಿ ಮಾರ್ಚ್ 5ರಂದು ಬರ್ಗಂಡಿ ಪ್ರಾಂತದ ಬೋನ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ದ್ರಾಕ್ಷಿತೋಟಗಳಿಗೂ ದ್ರಾಕ್ಷಾರಸಕ್ಕೂ ಹೆಸರಾದ ಊರು ಅದು. ಅವನ ತಂದೆ ದ್ರಾಕ್ಷಾರಸದ ವ್ಯಾಪಾರಕ್ಕೆ ಸಂಬಂಧಿಸಿದ ಉದ್ಯೋಗದಲ್ಲಿದ್ದನು. ಮಗನು ವೈದ್ಯನಾಗಲೆಂಬುದು ತಂದೆಯ ಆಸೆ. ಪಾದ್ರಿಯಾಗಲೆಂಬುದು ತಾಯಿಯ ಆಸೆ. ಹುಡುಗನಿಗಾದರೋ ಯಂತ್ರಗಳ ಮೇಲೆಯೇ ಮನಸ್ಸು. ಕೈಗೆ ಸಿಕ್ಕಿದ ವಸ್ತುಗಳಿಂದ ಏನಾದರೊಂದನ್ನು ಮಾಡುತ್ತಿರುವುದೇ ಅವನಿಗೆ ಪ್ರಿಯವಾಗಿತ್ತು. ಕೊನೆಗೆ ತಂದೆಯ ಇಚ್ಛೆಯೇ ಗೆದ್ದಿತು. 1849ರಲ್ಲಿ ಮರೇ ವೈದ್ಯವಿದ್ಯೆಯನ್ನು ಕಲಿಯಲು ಪ್ಯಾರಿಸ್ ನಗರಕ್ಕೆ ತೆರಳಿದನು. ಆದರೆ ಯಂತ್ರಗಳ ಹಂಬಲವನ್ನು ಅವನು ಬಿಡಲಿಲ್ಲ. ಮುಂದೆ ಈ ಎರಡು ವಿದ್ಯೆಗಳೂ ಅವನ ಕೈಯಲ್ಲಿ ಒಂದಾಗಿ ಕೂಡಿಕೊಂಡವು.

ರಕ್ತದ ಪರಿಚಲನೆಯನ್ನು ಕುರಿತು ಪ್ರಬಂಧ ಬರೆದು ಮರೇ 1859ರಲ್ಲಿ ವೈದ್ಯಪದವಿಯನ್ನು ಪಡೆದನು. ಆ ಕಾಲದಲ್ಲಿ ವೈದ್ಯನು ರೋಗಿಯ ಮಣಿಕಟ್ಟನ್ನು ಬೆರಳಿನಿಂದ ಒತ್ತಿ ನಾಡಿಯನ್ನು ನೋಡುತ್ತಿದ್ದನು. ಬೆರಳಿಗೆ ತಿಳಿದುದನ್ನು ಮಾತಿನಲ್ಲಿ ಹೇಳುವುದು ಕಷ್ಟ; ಒಬ್ಬನ ಬೆರಳಿಗೆ ತಿಳಿದುದು ಇನ್ನೊಬ್ಬನ ಬೆರಳಿಗೆ ತಿಳಿಯುವುದೆಂಬ ಭರವಸೆಯೂ ಇಲ್ಲ. ಆದುದರಿಂದ ನಾಡಿಯೇ ತನ್ನ ಬಡಿತವನ್ನು ಬರೆಯುವಂತೆ ಮಾಡಬೇಕೆಂದು ಮರೇ ಯೋಚಿಸಿದನು. ಅವನಿಗಿಂತ ಮೊದಲೇ ಇಂಥ ಒಂದು ಯಂತ್ರ ಜರ್ಮನಿಯಲ್ಲಿ ತಯಾರಾಗಿತ್ತು. ಆದರೆ ಅದು ಬಹಳ ದೊಡ್ಡದು. ಮರೇ 1860ರಲ್ಲಿ ಮಣಿಕಟ್ಟಿಗೆ ಕಟ್ಟಬಹುದಾದ ಹಗುರವಾದ ಸಾಧನವೊಂದನ್ನು ರಚಿಸಿದನು. ನಾಡಿ ಮಿಡಿದಂತೆಲ್ಲ ಅದರ ಸಣ್ಣ ಸನ್ನೆಕೋಲು ಏರಿಳಿದು, ಚಲಿಸುವ ಕಾಗದದ ಮೇಲೆ ಅಲೆಯಂಥ ಗೆರೆಯನ್ನು ಎಳೆಯುತ್ತಿತ್ತು. ದೇಹದೊಳಗಿನ ಚಲನೆ ಕಣ್ಣಿಗೆ ಕಾಣುವ ಬರಹವಾಯಿತು. ಈ ಸಾಧನ ವೈದ್ಯಲೋಕದಲ್ಲಿ ಅವನಿಗೆ ಹೆಸರನ್ನು ತಂದುಕೊಟ್ಟಿತು.

1864ರಲ್ಲಿ ಮರೇ ಪ್ಯಾರಿಸ್ಸಿನ ಹಳೆಯ ನಾಟಕಶಾಲೆಯೊಂದರ ಕಟ್ಟಡದಲ್ಲಿ ತನ್ನ ಸ್ವಂತ ಪ್ರಯೋಗಶಾಲೆಯನ್ನು ಏರ್ಪಡಿಸಿಕೊಂಡನು. ನಾಡಿಯ ಬಡಿತದಿಂದ ಅವನ ಗಮನ ಪ್ರಾಣಿಗಳ ನಡೆ, ಓಟ, ಹಾರಾಟಗಳ ಕಡೆಗೆ ಹರಿಯಿತು. ಮೊದಲು ಅವನು ಕೀಟಗಳನ್ನು ಪರೀಕ್ಷಿಸಿದನು. ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕಿನ ಚೂರನ್ನು ಅಂಟಿಸಿ, ಬಿಸಿಲಿನಲ್ಲಿ ಅದರ ಹೊಳಪನ್ನು ನೋಡಿದಾಗ, ರೆಕ್ಕೆಯ ತುದಿ ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂಥ ಆಕಾರವನ್ನು ಬರೆಯುವುದು ಕಂಡಿತು. ಕೀಟದ ರೆಕ್ಕೆಯು ಮಸಿ ಹಿಡಿಸಿದ ಕಾಗದಕ್ಕೆ ತಗುಲುವಂತೆ ಮಾಡಿ, ಬಡಿತಗಳನ್ನು ಎಣಿಸಿದನು. ಮನೆಯ ನೊಣ ಸೆಕೆಂಡಿಗೆ 330 ಸಲ, ಜೇನುನೊಣ 190 ಸಲ, ಕಣಜ 110 ಸಲ, ಚಿಟ್ಟೆ 9 ಸಲ ರೆಕ್ಕೆ ಬಡಿಯುವುದೆಂದು ಅವನ ಲೆಕ್ಕ ತೋರಿಸಿತು.

ಹಕ್ಕಿಗಳ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಮರೇ ಪಾರಿವಾಳ ಮತ್ತು ಗಿಡುಗಗಳಿಗೆ ಹಗುರವಾದ ಸಾಧನಗಳನ್ನು ಕಟ್ಟಿ, ಅವುಗಳಿಂದ ಹೊರಟ ತಂತಿಗಳನ್ನೂ ರಬ್ಬರ್ ನಾಳಗಳನ್ನೂ ಬರೆಯುವ ಯಂತ್ರಕ್ಕೆ ಜೋಡಿಸಿದನು. ಹಕ್ಕಿ ಹಾರಿದಂತೆ ಅದರ ರೆಕ್ಕೆಯ ಏರಿಳಿತಗಳು ಕಾಗದದ ಮೇಲೆ ಮೂಡಿದವು. ಗುಬ್ಬಿ ಸೆಕೆಂಡಿಗೆ 13 ಸಲ, ಕಾಡುಬಾತು 9 ಸಲ, ಪಾರಿವಾಳ 8 ಸಲ ರೆಕ್ಕೆ ಬಡಿಯುವುದೆಂದು ತಿಳಿದುಬಂದಿತು. ರೆಕ್ಕೆ ಕೆಳಗಿಳಿಯಲು ಹಿಡಿಯುವ ಕಾಲ ಮೇಲೇರಲು ಹಿಡಿಯುವ ಕಾಲಕ್ಕಿಂತ ಸಾಮಾನ್ಯವಾಗಿ ಹೆಚ್ಚೆಂಬುದೂ ಗೊತ್ತಾಯಿತು. ಈ ಎಲ್ಲ ಸಂಶೋಧನೆಗಳನ್ನು ಅವನು 1873ರಲ್ಲಿ ಪ್ರಾಣಿಯಂತ್ರವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಪ್ರಕಟಿಸಿದನು. ಅಷ್ಟುಹೊತ್ತಿಗೆ ಅವನು ಫ್ರಾನ್ಸಿನ ಉನ್ನತ ವಿದ್ಯಾಸಂಸ್ಥೆಯಾದ ಕೊಲೆಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕನಾಗಿದ್ದನು.

ಆದರೂ ಒಂದು ಕೊರತೆ ಉಳಿದೇ ಇತ್ತು. ಮೈಮೇಲೆ ಪಟ್ಟಿಗಳನ್ನು ಬಿಗಿಸಿಕೊಂಡು, ನಾಳವನ್ನು ಎಳೆದುಕೊಂಡು ಹಾರುವ ಹಕ್ಕಿ ತನ್ನ ಸಹಜವಾದ ರೀತಿಯಲ್ಲಿ ಹಾರೀತೆ? ಯಂತ್ರದ ಗೆರೆಗಳು ರೆಕ್ಕೆ ಎಷ್ಟು ಸಲ ಬಡಿಯಿತೆಂಬುದನ್ನು ಹೇಳುತ್ತಿದ್ದವು; ಆ ಕ್ಷಣದಲ್ಲಿ ರೆಕ್ಕೆ ಹೇಗೆ ಕಾಣುತ್ತಿತ್ತೆಂಬುದನ್ನು ಹೇಳುತ್ತಿರಲಿಲ್ಲ. ಸ್ವತಂತ್ರವಾಗಿ ಹಾರುವ ಹಕ್ಕಿಯನ್ನು ಮುಟ್ಟದೆಯೇ ಅದರ ಚಲನೆಯನ್ನು ದಾಖಲೆ ಮಾಡುವ ಉಪಾಯವೊಂದು ಬೇಕಾಗಿತ್ತು.

ಆ ಉಪಾಯದ ಸುಳಿವು ದೂರದ ಅಮೆರಿಕದಿಂದ ಬಂದಿತು. ನಾಗಾಲೋಟದಿಂದ ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಗಳಿಗೆ ನೆಲವನ್ನು ಬಿಟ್ಟಿರುತ್ತವೆಂದು ಮರೇ ತನ್ನ ಗ್ರಂಥದಲ್ಲಿ ಬರೆದಿದ್ದನು. ಕುದುರೆಯ ಗೊರಸುಗಳಿಗೆ ಗಾಳಿ ತುಂಬಿದ ರಬ್ಬರಿನ ಬುರುಡೆಗಳನ್ನು ಕಟ್ಟಿ ಅವನು ಇದನ್ನು ಕಂಡುಹಿಡಿದಿದ್ದನು. ಅನೇಕರಿಗೆ ಇದು ನಂಬಲರ್ಹವೆನಿಸಲಿಲ್ಲ. ಕ್ಯಾಲಿಫೋರ್ನಿಯದ ಶ್ರೀಮಂತ ಲೀಲಂಡ್ ಸ್ಟಾನ್‌ಫರ್ಡ್ ಈ ವಿಷಯದಲ್ಲಿ ಆಸಕ್ತಿ ತಳೆದು, ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನನ್ನು ನೇಮಿಸಿದನು. ಮೈಬ್ರಿಜ್ 1878ರ ಜೂನ್ ತಿಂಗಳಲ್ಲಿ ಓಟದ ಹಾದಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆ ಮುಂದೆ ಹೋದಂತೆ ಅವು ಒಂದೊಂದಾಗಿ ಚಿತ್ರ ತೆಗೆಯುವಂತೆ ಏರ್ಪಡಿಸಿದನು. ಆ ಚಿತ್ರಗಳಲ್ಲಿ ಕುದುರೆಯ ನಾಲ್ಕು ಕಾಲುಗಳೂ ನೆಲದಿಂದ ಮೇಲಿದ್ದುದು ಸ್ಪಷ್ಟವಾಗಿ ಕಂಡಿತು. ಮರೇಯ ಮಾತು ನಿಜವಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಆ ಚಿತ್ರಗಳನ್ನು ಫ್ರಾನ್ಸಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ನೋಡಿ ಮರೇ ಹರ್ಷಿತನಾದನು. ಆದರೆ ಅವನ ಮನಸ್ಸು ಹಾರಿದ್ದು ಹಕ್ಕಿಗಳ ಕಡೆಗೆ. ಹಾರುವ ಹಕ್ಕಿಗಳನ್ನೂ ಹೀಗೆಯೇ ಚಿತ್ರಿಸಲು ಸಾಧ್ಯವೇ ಎಂದು ಮೈಬ್ರಿಜ್‌ನನ್ನು ವಿಚಾರಿಸುವಂತೆ ಅವನು ಪತ್ರಿಕೆಗೆ ಬರೆದನು. 1881ರಲ್ಲಿ ಮೈಬ್ರಿಜ್ ಪ್ಯಾರಿಸ್ಸಿಗೆ ಬಂದಾಗ ಮರೇ ತನ್ನ ಮನೆಯಲ್ಲಿ ಅವನಿಗೆ ಸತ್ಕಾರವನ್ನು ಏರ್ಪಡಿಸಿದನು. ಮೈಬ್ರಿಜ್ ಹಕ್ಕಿಗಳ ಕೆಲವು ಚಿತ್ರಗಳನ್ನೂ ತಂದಿದ್ದನು. ಆದರೆ ಅವು ಮರೇಗೆ ಬೇಕಾದ ಉತ್ತರವನ್ನು ಕೊಡಲಿಲ್ಲ. ಒಂದೊಂದು ಹಕ್ಕಿ ಒಂದೊಂದು ನಿಲುವಿನಲ್ಲಿತ್ತೇ ಹೊರತು, ಒಂದೇ ಹಕ್ಕಿಯ ರೆಕ್ಕೆ ಕ್ರಮವಾಗಿ ಹೇಗೆ ಚಲಿಸಿತೆಂಬುದು ಅವುಗಳಿಂದ ತಿಳಿಯುತ್ತಿರಲಿಲ್ಲ. ಹಲವು ವರ್ಷ ಇಟ್ಟುಕೊಂಡಿದ್ದ ಭರವಸೆ ಹೀಗೆ ಕೈಗೂಡದೆ ಹೋಯಿತು.

ಹಾರುವ ಹಕ್ಕಿಯನ್ನು ಚಿತ್ರಿಸುವುದು ಏಕೆ ಅಷ್ಟು ಕಷ್ಟವೆಂಬುದನ್ನು ಇಲ್ಲಿ ವಿಚಾರಿಸಬೇಕು. ಕುದುರೆ ಗೊತ್ತಾದ ಹಾದಿಯಲ್ಲಿ ಓಡುತ್ತದೆ. ಆ ಹಾದಿಯುದ್ದಕ್ಕೂ ಕ್ಯಾಮೆರಾಗಳನ್ನು ನಿಲ್ಲಿಸಬಹುದು. ಹಕ್ಕಿಗಾದರೋ ಗೊತ್ತಾದ ಹಾದಿಯೆಂಬುದಿಲ್ಲ. ಇನ್ನೊಂದು ತೊಡಕು ವೇಗದ್ದು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿಯ ಮೇಲೆ ಕ್ಯಾಮೆರಾದ ಕಿಂಡಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲಿ ಹಕ್ಕಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಹಕ್ಕಿಯ ಬದಲು ಬರಿಯ ಮಸುಕು ಉಳಿಯುತ್ತದೆ. ಕಿಂಡಿಯನ್ನು ಇನ್ನೂ ಬೇಗ ಮುಚ್ಚಿದರೆ ಮಸುಕು ಕಡಿಮೆಯಾಗುತ್ತದೆ. ಆದರೆ ಒಳಗೆ ಬರುವ ಬೆಳಕೂ ಕಡಿಮೆಯಾಗುತ್ತದೆ. ಆದುದರಿಂದ ಬೆಳಕಿಗೆ ಬೇಗ ಸ್ಪಂದಿಸುವ ಫಲಕ, ಬಹು ಬೇಗ ತೆರೆದು ಮುಚ್ಚುವ ಕಿಂಡಿ, ಹಕ್ಕಿಯನ್ನು ಹಿಂಬಾಲಿಸಿ ತಿರುಗಬಲ್ಲ ಕ್ಯಾಮೆರಾ ಈ ಮೂರೂ ಬೇಕಾಗಿದ್ದವು. ಆ ಕಾಲಕ್ಕೆ ಬಳಕೆಗೆ ಬಂದಿದ್ದ ಜೆಲಟಿನ್ ಲೇಪದ ಒಣ ಫಲಕಗಳು ಮೊದಲನೆಯ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದ್ದವು. ಉಳಿದ ಎರಡನ್ನು ಮರೇ ತಾನೇ ಬಗೆಹರಿಸಬೇಕಾಯಿತು.

ಬೇರೊಬ್ಬರನ್ನು ಕಾಯುವುದರಲ್ಲಿ ಪ್ರಯೋಜನವಿಲ್ಲವೆಂದು ಅರಿತ ಮರೇ, ಜಾನ್ಸೆನ್ ಎಂಬ ಫ್ರೆಂಚ್ ಖಗೋಳವಿಜ್ಞಾನಿಯ ಸಾಧನವೊಂದನ್ನು ನೆನೆದನು. 1874ರಲ್ಲಿ ಶುಕ್ರಗ್ರಹವು ಸೂರ್ಯನ ಮುಂದೆ ಹಾದುಹೋದಾಗ, ಜಾನ್ಸೆನ್ ತಿರುಗುವ ಫಲಕವೊಂದರ ಮೇಲೆ ಸಾಲು ಚಿತ್ರಗಳನ್ನು ತೆಗೆಯುವ ಯಂತ್ರವನ್ನು ಬಳಸಿದ್ದನು. ಅದು ಬಹು ನಿಧಾನವಾದ ಯಂತ್ರ. ಮರೇ ಆ ತತ್ತ್ವವನ್ನು ತೆಗೆದುಕೊಂಡು, ಇಟಲಿಯ ನೇಪಲ್ಸ್ ನಗರದ ಬಳಿ ಪೊಸಿಲಿಪೊ ಎಂಬಲ್ಲಿದ್ದ ತನ್ನ ಮನೆಯಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದಾಗ, 1882ರ ಮೊದಲ ತಿಂಗಳುಗಳಲ್ಲಿ ಹೊಸ ಸಾಧನವೊಂದನ್ನು ಸಿದ್ಧಪಡಿಸಿದನು. ಅದೇ ಛಾಯಾಗ್ರಹಣದ ಬಂದೂಕು.

ನೋಡುವುದಕ್ಕೆ ಅದು ಬೇಟೆಯ ಬಂದೂಕಿನಂತೆಯೇ ಇತ್ತು. ಹೆಗಲಿಗೆ ಆನಿಸಿಕೊಳ್ಳಲು ಮರದ ಹಿಡಿ, ಗುರಿಯಿಡಲು ನಳಿಗೆ, ಎಳೆಯಲು ಟ್ರಿಗರ್ ಎಲ್ಲವೂ ಇದ್ದವು. ಆದರೆ ನಳಿಗೆಯೊಳಗೆ ಮಸೂರವಿತ್ತು. ಮದ್ದುಗುಂಡು ಇರಬೇಕಾದ ಜಾಗದಲ್ಲಿ ಗಡಿಯಾರದ ಚಕ್ರಗಳಂಥ ಯಂತ್ರವೂ ಬೆಳಕಿಗೆ ಸ್ಪಂದಿಸುವ ಗಾಜಿನ ಫಲಕವೂ ಇದ್ದವು. ಟ್ರಿಗರ್ ಎಳೆದೊಡನೆ ಫಲಕವು ತಿರುಗುತ್ತ, ನಿಲ್ಲುತ್ತ, ಸೆಕೆಂಡಿಗೆ 12 ಚಿತ್ರಗಳನ್ನು ಹಿಡಿಯುತ್ತಿತ್ತು. ಒಂದೊಂದು ಚಿತ್ರಕ್ಕೂ ಬೆಳಕು ಬೀಳುತ್ತಿದ್ದ ಕಾಲ ಸೆಕೆಂಡಿನ 720ರಲ್ಲಿ ಒಂದು ಭಾಗ ಮಾತ್ರ. ಅಷ್ಟು ಕಾಲದಲ್ಲಿ ಹಿಂದೆ ಹೇಳಿದ ಹಕ್ಕಿ ಮುಂದೆ ಹೋಗುವುದು ಒಂದೂವರೆ ಸೆಂಟಿಮೀಟರಿಗಿಂತಲೂ ಕಡಿಮೆ.

ಮರೇ ಈ ಬಂದೂಕನ್ನು ಹಿಡಿದು ಕಡಲಹಕ್ಕಿಗಳಿಗೆ ಗುರಿಯಿಟ್ಟನು. ಬಂದೂಕಿನಿಂದ ಸದ್ದಾಗಲಿಲ್ಲ, ಹೊಗೆ ಬರಲಿಲ್ಲ, ಹಕ್ಕಿ ಬೀಳಲೂ ಇಲ್ಲ. ದಿನವೂ ಬಂದೂಕು ಹಿಡಿದು ಹೊರಟು ಒಂದು ಹಕ್ಕಿಯನ್ನೂ ತಾರದೆ ಹಿಂದಿರುಗುತ್ತಿದ್ದ ಈ ವಿಚಿತ್ರ ಬೇಟೆಗಾರನನ್ನು ಸುತ್ತಲಿನ ಜನರು ಹುಚ್ಚನೆಂದು ತಿಳಿದರೆಂಬ ಮಾತಿದೆ. ಹಕ್ಕಿಗಳು ತಮ್ಮ ಪಾಡಿಗೆ ತಾವು ಹಾರಿಹೋದವು. ಅವುಗಳ ಹಾರಾಟ ಮಾತ್ರ ಗಾಜಿನ ಮೇಲೆ ಉಳಿಯಿತು. ಚಿತ್ರಗಳು ಅಂಚೆಚೀಟಿಗಿಂತ ದೊಡ್ಡವಾಗಿರಲಿಲ್ಲ. ಆದರೂ ಅವುಗಳಲ್ಲಿ ರೆಕ್ಕೆಯ ನಿಲುವುಗಳು ಕ್ರಮವಾಗಿ ಕಂಡವು. ದೋಣಿಯ ಹುಟ್ಟಿನಂತೆ ಹಕ್ಕಿ ತನ್ನ ರೆಕ್ಕೆಯಿಂದ ಗಾಳಿಯನ್ನು ಹಿಂದಕ್ಕೆ ತಳ್ಳುವುದೆಂದು ಬಹು ಜನರು ನಂಬಿದ್ದರು. ಚಿತ್ರಗಳಲ್ಲಾದರೋ ರೆಕ್ಕೆ ಕೆಳಗಿಳಿಯುವಾಗ ಮುಂದಕ್ಕೂ ಚಲಿಸುವುದೆಂಬುದು ನಿಚ್ಚಳವಾಯಿತು. ಮೇಲೇರುವಾಗ ಅದು ಸ್ವಲ್ಪ ಮಡಿಚಿಕೊಂಡು ಗಾಳಿಯ ತಡೆಯನ್ನು ಕಡಿಮೆ ಮಾಡಿಕೊಳ್ಳುತ್ತಿತ್ತು.

ಇಷ್ಟಕ್ಕೆ ತೃಪ್ತನಾಗಿದ್ದರೆ ಮರೇಯ ಕೀರ್ತಿಗೆ ಕೊರತೆಯಾಗುತ್ತಿರಲಿಲ್ಲ. ಆದರೆ ತನ್ನ ಬಂದೂಕಿನ ಮಿತಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ ಆಗಿದ್ದನು. ಸೆಕೆಂಡಿಗೆ ಮೂರು ಸಲ ರೆಕ್ಕೆ ಬಡಿಯುವ ದೊಡ್ಡ ಹಕ್ಕಿಯಾದರೆ ಒಂದು ಬಡಿತಕ್ಕೆ ನಾಲ್ಕು ಚಿತ್ರಗಳು ದೊರೆಯುತ್ತವೆ. ಸೆಕೆಂಡಿಗೆ 13 ಸಲ ಬಡಿಯುವ ಗುಬ್ಬಿಯಾದರೆ ಒಂದು ಬಡಿತಕ್ಕೆ ಒಂದು ಚಿತ್ರವೂ ಪೂರ್ಣವಾಗಿ ದೊರೆಯುವುದಿಲ್ಲ. ಇದಲ್ಲದೆ ಬಹಳಷ್ಟು ಚಿತ್ರಗಳು ನೆರಳಿನ ಆಕಾರಗಳಂತೆ ಕಪ್ಪಾಗಿದ್ದವು. ಆದುದರಿಂದ ಅವನು ಆ ಬಂದೂಕನ್ನು ಬದಿಗಿಟ್ಟು ಬೇರೊಂದು ಮಾರ್ಗವನ್ನು ಹುಡುಕಿದನು.

ಅದೇ 1882ರಲ್ಲಿ, ಸರ್ಕಾರದ ಮತ್ತು ಪ್ಯಾರಿಸ್ ನಗರದ ನೆರವಿನಿಂದ, ನಗರದ ಅಂಚಿನ ಬೂಲೋನ್ ವನದ ಬಳಿ ಅವನ ವಿಶಾಲವಾದ ಪ್ರಯೋಗಕೇಂದ್ರವು ಪ್ರಾರಂಭವಾಯಿತು. ಜಾರ್ಜ್ ದೆಮೆನಿ ಎಂಬ ತರುಣನು ಅವನ ಸಹಾಯಕನಾದನು. ಅಲ್ಲಿ ಒಳಭಾಗವೆಲ್ಲ ಕಪ್ಪಾಗಿದ್ದ ದೊಡ್ಡ ಚಪ್ಪರವನ್ನು ಕಟ್ಟಿ, ಅದರ ಮುಂದೆ ಬಿಳಿಯ ಪಾರಿವಾಳವನ್ನೋ ಕಡಲಹಕ್ಕಿಯನ್ನೋ ಹಾರಿಬಿಡುತ್ತಿದ್ದರು. ಕ್ಯಾಮೆರಾದ ಮುಂದೆ ಕಿಂಡಿಗಳುಳ್ಳ ತಟ್ಟೆಯೊಂದು ವೇಗವಾಗಿ ತಿರುಗುತ್ತಿತ್ತು. ಕಿಂಡಿ ಎದುರಿಗೆ ಬಂದಾಗಲೆಲ್ಲ ಹಕ್ಕಿಯ ಒಂದು ಬಿಂಬ ಒಂದೇ ಫಲಕದ ಮೇಲೆ ಬೀಳುತ್ತಿತ್ತು. ಹೀಗೆ ಒಂದೇ ಹಕ್ಕಿಯ ಅನೇಕ ನಿಲುವುಗಳು ಒಂದರ ಪಕ್ಕದಲ್ಲೊಂದು, ಬೆಳ್ಳಕ್ಕಿಗಳ ಸಾಲಿನಂತೆ, ಒಂದೇ ಚಿತ್ರದಲ್ಲಿ ಮೂಡುತ್ತಿದ್ದವು. ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಹೀಗೆ ಮೂರು ದಿಕ್ಕುಗಳಿಂದ ಚಿತ್ರಗಳನ್ನು ತೆಗೆದು, ಅವುಗಳ ಆಧಾರದ ಮೇಲೆ ಮರೇ 1887ರಲ್ಲಿ ಹಾರುವ ಹಕ್ಕಿಯ ಪ್ರತಿಮೆಗಳನ್ನೇ ಮಾಡಿಸಿದನು. ಅವುಗಳನ್ನು ವೃತ್ತಾಕಾರವಾಗಿ ಜೋಡಿಸಿ ತಿರುಗಿಸಿದಾಗ ಹಕ್ಕಿ ನಿಧಾನವಾಗಿ ರೆಕ್ಕೆ ಬಡಿಯುತ್ತಿರುವಂತೆ ತೋರುತ್ತಿತ್ತು. ಕಣ್ಣಿಗೆ ನಿಲುಕದ ವೇಗವನ್ನು ಕಣ್ಣಿಗೆ ನಿಲುಕುವಂತೆ ನಿಧಾನಗೊಳಿಸಿದುದು ಅವನ ದೊಡ್ಡ ಸಾಧನೆ.

1888ರಲ್ಲಿ ಅವನು ಗಾಜಿನ ಫಲಕಕ್ಕೆ ಬದಲಾಗಿ ಉದ್ದವಾದ ಕಾಗದದ ಸುರುಳಿಯ ಮೇಲೆ ಸಾಲು ಚಿತ್ರಗಳನ್ನು ತೆಗೆಯುವ ಕ್ಯಾಮೆರಾವನ್ನು ವಿದ್ವಾಂಸರ ಮುಂದಿಟ್ಟನು. ಮುಂದೆ ಕಾಗದದ ಜಾಗದಲ್ಲಿ ಪಾರದರ್ಶಕವಾದ ಫಿಲ್ಮ್ ಬಂದಿತು. 1890ರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತ ಅವನ ಮಹಾಗ್ರಂಥವು ಹೊರಬಂದಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪಟ್ಟ ಶ್ರಮದ ಫಲ ಅದು.

ಇಂದಿನ ಚಲನಚಿತ್ರದ ಬೀಜ ಮರೇಯ ಈ ಕ್ಯಾಮೆರಾದಲ್ಲಿಯೇ ಇತ್ತು. ಅದರಿಂದ ಹಣ ಸಂಪಾದಿಸಬಹುದೆಂದು ಅವನ ಸಹಾಯಕ ದೆಮೆನಿಗೆ ತೋರಿತು. ಮರೇಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಭಿನ್ನಾಭಿಪ್ರಾಯ ಬೆಳೆದು, ಬಹುಕಾಲ ಜೊತೆಯಲ್ಲಿ ದುಡಿದ ಇಬ್ಬರೂ 1894ರಲ್ಲಿ ಬೇರೆಯಾದರು. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಜನರಿಂದ ಹಣ ಪಡೆದು ಚಲನಚಿತ್ರವನ್ನು ತೋರಿಸಿದರು. ಮರುವರ್ಷ ಜುಲೈ ತಿಂಗಳಲ್ಲಿ ಅದು ಮುಂಬಯಿಗೂ ಬಂದಿತು. ಲೋಕವೆಲ್ಲ ಅದನ್ನು ನೋಡಿ ಬೆರಗಾಯಿತು. ಮರೇ ಮಾತ್ರ ಅದರ ಹಿಂದೆ ಹೋಗಲಿಲ್ಲ. ಕಣ್ಣು ಹೇಗೂ ಕಾಣುವುದನ್ನೇ ಮತ್ತೆ ತೋರಿಸುವ ಯಂತ್ರಕ್ಕಿಂತ, ಕಣ್ಣು ಕಾಣಲಾರದುದನ್ನು ತೋರಿಸುವ ಯಂತ್ರವೇ ಅವನಿಗೆ ಮುಖ್ಯವಾಗಿತ್ತು. ಹಣವನ್ನೂ ಜನಪ್ರಿಯತೆಯನ್ನೂ ಬಿಟ್ಟುಕೊಟ್ಟು ಅವನು ತನ್ನ ಪ್ರಶ್ನೆಯನ್ನು ಉಳಿಸಿಕೊಂಡನು.

1895ರಲ್ಲಿ ಮರೇ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದನು. ಬಾಳಿನ ಕೊನೆಯ ವರ್ಷಗಳಲ್ಲಿ ಅವನು ಹಕ್ಕಿಯನ್ನು ಎತ್ತಿಹಿಡಿಯುವ ಗಾಳಿಯನ್ನೇ ಕಾಣಬೇಕೆಂದು ಹೊರಟನು. ಗಾಜಿನ ಪೆಟ್ಟಿಗೆಯೊಂದರಲ್ಲಿ ಹೊಗೆಯ ಸಣ್ಣ ಎಳೆಗಳನ್ನು ಹರಿಯಬಿಟ್ಟು, ಅಡ್ಡವಾಗಿಟ್ಟ ವಸ್ತುಗಳ ಸುತ್ತ ಅವು ಹೇಗೆ ಬಾಗುತ್ತವೆಂಬುದರ ಚಿತ್ರಗಳನ್ನು ತೆಗೆದನು. 1904ರ ಮೇ ತಿಂಗಳಲ್ಲಿ, ತನ್ನ 74ನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದನು.

ಅವನು ತೀರಿಕೊಳ್ಳುವುದಕ್ಕೆ ಐದು ತಿಂಗಳು ಮೊದಲು, 1903ರ ಡಿಸೆಂಬರ್ 17ರಂದು, ಅಮೆರಿಕದಲ್ಲಿ ರೈಟ್ ಸಹೋದರರು ಯಂತ್ರಬಲದಿಂದ ನಡೆಯುವ ವಿಮಾನವನ್ನು ಹಾರಿಸಿದ್ದರು. ಅವರ ಮನೆಯ ಪುಸ್ತಕಗಳ ನಡುವೆ ಪ್ರಾಣಿಯಂತ್ರವನ್ನು ಕುರಿತ ಮರೇಯ ಗ್ರಂಥವಿತ್ತು. ಜರ್ಮನಿಯ ಸಾಹಸಿ ಲಿಲಿಯೆಂಥಾಲ್ 1896ರಲ್ಲಿ ಹಾರಾಟದ ಪ್ರಯತ್ನದಲ್ಲಿ ಮಡಿದ ಸುದ್ದಿ ಬಂದಾಗ, ವಿಲ್ಬರ್ ರೈಟ್ ಮತ್ತೆ ಕೈಗೆತ್ತಿಕೊಂಡುದು ಆ ಗ್ರಂಥವನ್ನೇ. ಹಕ್ಕಿಯ ರೆಕ್ಕೆಯನ್ನು ಕುರಿತ ಒಬ್ಬ ವೈದ್ಯನ ಕುತೂಹಲ ಹೀಗೆ ಮನುಷ್ಯನ ಹಾರಾಟಕ್ಕೂ ಒಂದು ಮೆಟ್ಟಿಲಾಯಿತು.

ಮರೇಯ ಬಂದೂಕು ಇಂದು ವಸ್ತುಸಂಗ್ರಹಾಲಯದ ಸಾಮಗ್ರಿ. ಆದರೆ ಅದು ತೆರೆದ ಹಾದಿಯಲ್ಲಿ ಲೋಕದಾದ್ಯಂತ ಅನೇಕರು ನಡೆದಿದ್ದಾರೆ. ನಮ್ಮ ನಾಡಿನಲ್ಲಿಯೂ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಮುಂತಾದವರು ಕ್ಯಾಮೆರಾ ಹಿಡಿದು ಕಾಡುಮೇಡುಗಳಲ್ಲಿ ಕಾದು ಕುಳಿತು, ವನ್ಯಜೀವಿಗಳನ್ನೂ ಹಕ್ಕಿಗಳನ್ನೂ ಚಿತ್ರಗಳಲ್ಲಿ ನಾಡಿಗೆ ಪರಿಚಯಿಸಿದರು. ಈಗಿನ ಕ್ಯಾಮೆರಾಗಳಲ್ಲಿ ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದರಷ್ಟು ಕಾಲ ಮಾತ್ರ ಬೆಳಕನ್ನು ಒಳಬಿಡುವ ಏರ್ಪಾಡಿದೆ. ಹಿತ್ತಿಲಲ್ಲಿ ಕಾಳಿನ ತಟ್ಟೆಯನ್ನೂ ನೀರಿನ ಬಟ್ಟಲನ್ನೂ ಇಟ್ಟು, ಹಕ್ಕಿಗಳು ಆ ಜಾಗಕ್ಕೆ ಒಗ್ಗಿಕೊಳ್ಳುವವರೆಗೆ ಕಾದು, ಅವು ಬಂದಿಳಿಯುವ ದಾರಿಯನ್ನು ಗುರುತಿಸಿಕೊಂಡರೆ, ಸಾಮಾನ್ಯರೂ ಹಾರುವ ಗುಬ್ಬಿಯ ಚಿತ್ರವನ್ನು ತೆಗೆಯಬಹುದು. ಮರೇ ಕಾಣಲು ವರ್ಷಗಟ್ಟಲೆ ಶ್ರಮಿಸಿದುದನ್ನು ಇಂದಿನ ಬಾಲಕನೊಬ್ಬನು ಒಂದು ಬೆಳಗಿನಲ್ಲಿ ಕಾಣಬಲ್ಲನು.

ಆದರೆ ಸಾಧನವು ಸುಲಭವಾದ ಮಾತ್ರಕ್ಕೆ ಪ್ರಶ್ನೆ ಹುಟ್ಟುವುದಿಲ್ಲ. ಮರೇಯ ಬಳಿ ಮೊದಲು ಇದ್ದುದು ಪ್ರಶ್ನೆ. ಸಾಧನಗಳು ಅದರ ಹಿಂದೆ ಒಂದೊಂದಾಗಿ ಬಂದವು. ಒಂದು ಸಾಧನ ಸಾಲದೆ ಹೋದಾಗ ಅವನು ಅದನ್ನು ಬಿಟ್ಟು ಇನ್ನೊಂದನ್ನು ಮಾಡಿದನು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಹಕ್ಕಿಯನ್ನು ಕೆಡವಿ ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಗರಿ, ಎಲುಬುಗಳು ತಿಳಿದವು. ಅದನ್ನು ಹಾರಲು ಬಿಟ್ಟು ನೋಡಿದವನಿಗೆ ಅದರ ಹಾರಾಟವೇ ತಿಳಿಯಿತು.